ರಾಧಾಮಣಿ ಕೂರುವ ಜಾಗ

ಆಷಾಢ ಕಳೆಯುತ್ತ ಶ್ರಾವಣ ಸಮೀಪಿಸಿದಂತೆ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸಿನ ಮುನಿಸ್ವಾಮಪ್ಪನ ಮನಸ್ಸನ್ನು ಒಂದೇ ಪ್ರಶ್ನೆ ಕಾಡತೊಡಗಿತು. ಈ ಸಲದ ಶನಿವಾರಗಳಲ್ಲಿ ಹೆಂಡತಿ ರಾಧಾಮಣಿ ತನ್ನ ಬೈಕಿನ ಹಿಂದೆ ಕೂರುವಳೋ, ಇಲ್ಲವೋ?

ಕೇಳಿದವರಿಗೆ ಇದು ಅಲ್ಪ ಸಂಗತಿಯೆನಿಸಬಹುದು. ಆದರೆ ಶ್ರಾವಣದ ಶನಿವಾರಗಳಂದು ಗಂಡಹೆಂಡಿರಿಬ್ಬರೂ ಜೊತೆಯಾಗಿ ಗುಟ್ಟಹಳ್ಳಿಯ ಬಂಗಾರು ತಿರುಪತಿಗೆ ಹೋಗಿ, ಗುಡ್ಡವೇರಿ, ಕಿಂಡಿಯೊಳಗಿಂದ ಸ್ವಾಮಿಯನ್ನು ಕಣ್ತುಂಬಿಕೊಂಡು ಬರುವುದು ಆ ಮನೆಯ ನೇಮವಾಗಿತ್ತು. ಮದುವೆಯ ಹೊಸದರಲ್ಲಿ ರಾಧಾಮಣಿ ಹೊತ್ತ ಹರಕೆಯದು. ಹರಕೆ ಫಲಿಸಿ ಎಷ್ಟೋ ಕಾಲವಾದರೂ ನೇಮ ನಿಂತಿರಲಿಲ್ಲ. ಸತಿಪತಿಗಳು ಒಂದೇ ಸಂಕಲ್ಪದಿಂದ ಹೊರಟರೆ ಸಾಕು, ಒಬ್ಬರು ಒಂದು ದಾರಿ, ಮತ್ತೊಬ್ಬರು ಇನ್ನೊಂದು ದಾರಿ ಹಿಡಿದರೂ ಪುಣ್ಯಕ್ಕೆ ಲೋಪವಿಲ್ಲವೆಂದು ಬಲ್ಲವರು ಸಮಾಧಾನ ಹೇಳಿಯಾರು. ಮುನಿಸ್ವಾಮಪ್ಪನಿಗೆ ಪುಣ್ಯದ ಲೆಕ್ಕ ಬೇಕಿರಲಿಲ್ಲ. ಗುಟ್ಟಹಳ್ಳಿಯ ಗುಡ್ಡ ಕಣ್ಣಿಗೆ ಬಿದ್ದೊಡನೆ ಬೆನ್ನ ಹಿಂದಿನಿಂದ "ಗೋವಿಂದಾ" ಎಂಬ ಸಣ್ಣ ದನಿಯೊಂದು ಕೇಳಬೇಕಿತ್ತು. ಅದಿಲ್ಲದೆ ಅವನ ಪಾಲಿಗೆ ಶ್ರಾವಣವೇ ಬಾರದು.

ಹೋದ ವರ್ಷದ ಕೊನೆಯ ಶನಿವಾರ ಮನೆ ಮುಂದೆ ಇಳಿದ ರಾಧಾಮಣಿ ಗೋಡೆ ಹಿಡಿದು ಬಹಳ ಹೊತ್ತು ಬಾಗಿಯೇ ನಿಂತಿದ್ದಳು. ಏನೆಂದು ಕೇಳಿದರೆ "ಏನಿಲ್ಲ" ಎಂದಿದ್ದಳು. ಅಂದಿನಿಂದ ಸಂತೆಗಾಗಲಿ, ನೆಂಟರ ಮನೆಗಾಗಲಿ, ಗಂಡ ಬೈಕು ಹೊರಗೆ ತೆಗೆದಾಗಲೆಲ್ಲ ಅವಳಿಗೆ ಯಾವುದೋ ಕೆಲಸ ನೆನಪಾಗುತ್ತಿತ್ತು. ಕೂರುವ ಜಾಗ ಹಾಗೇ ಬರಿದಾಗಿ ಉಳಿಯುತ್ತಿತ್ತು. ಈಗ ನೋಡಿದರೆ, ಪಕ್ಕದ ಸಾಲಿನ ಮುನಿನಾರಾಯಣಮ್ಮ ಗುಟ್ಟಹಳ್ಳಿಗೆ ಆಟೋ ಗೊತ್ತುಮಾಡಿದ ಸುದ್ದಿ ಬಂತು.

"ನಂಗೂ ಒಂದು ಜಾಗ ಇಟ್ಟವರೆ," ಎಂದಳು ರಾಧಾಮಣಿ, ಮೊರದಲ್ಲಿ ಸೊಪ್ಪು ಬಿಡಿಸುತ್ತ.

"ನನ್ ಜೊತೆ ಬರಾಕೇನಾಯ್ತು?"

"ನಿಮ್ ಜೊತೆ ಬರಾಕೇನಿಲ್ಲ. ನಿಮ್ ಗಾಡಿ ಜೊತೆ ಆಗಲ್ಲ."

"ಗಾಡಿಗೇನಾಗದೆ? ನಂಗೇನೂ ಗೊತ್ತಾಗಾಕಿಲ್ವಲ್ಲ."

"ಅದ್ನೇ ನಾನೂ ಏಳ್ತಿರೋದು," ಎಂದು ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಆ ಮಾತು ಅವನಿಗೆ ನೇರವಾಗಿ ತಾಗಿತು. ಅದಕ್ಕೆ ಕಾರಣವೂ ಇತ್ತು. ಗಣಿ ಮುಚ್ಚುವವರೆಗೂ ಮುನಿಸ್ವಾಮಪ್ಪ ವೈಂಡಿಂಗ್ ಡ್ರೈವರನಾಗಿದ್ದವನು. ಗಣಿಯ ಬಾಯ ಬಳಿಯ ಎತ್ತರದ ಕೋಣೆಯಲ್ಲಿ ಕುಳಿತು, ಜನ ತುಂಬಿದ ಕಬ್ಬಿಣದ ಪಂಜರವನ್ನು ಉಕ್ಕಿನ ಹಗ್ಗದಲ್ಲಿ ಪಾತಾಳಕ್ಕಿಳಿಸಿ, ಪಾಳಿ ಮುಗಿದ ಮೇಲೆ ಅದೇ ಜನರನ್ನು ಬೆಳಕಿಗೆ ಎತ್ತಿ ತರುವ ಕೆಲಸ. ಆ ಪಂಜರಕ್ಕೆ ಅವರೆಲ್ಲ ಕೇಜು ಎನ್ನುತ್ತಿದ್ದರು. ಮುನಿಸ್ವಾಮಿಯ ಪಾಳಿಯಲ್ಲಿ ಕೇಜಿನಲ್ಲಿ ನಿಂತರೆ ಲೋಟದ ಚಹಾ ತುಳುಕುವುದಿಲ್ಲ ಎಂಬ ಮಾತು ಆಗ ಗಣಿ ಕೆಲಸಗಾರರ ಮನೆಸಾಲುಗಳಾದ ಲೈನುಗಳಲ್ಲಿ ಬಳಕೆಯಲ್ಲಿತ್ತು. ಅಷ್ಟು ಜನರ ಪ್ರಾಣವನ್ನು ಹೂವಿನಂತೆ ಇಳಿಸಿದ ಕೈಗೆ, ಮನೆಯಾಕೆಯೊಬ್ಬಳನ್ನು ಗುಟ್ಟಹಳ್ಳಿಗೆ ಕರೆದೊಯ್ಯಲು ಬಾರದು ಎಂಬ ಹೆಸರು ಬಂದರೆ ಯಾರಿಗೆ ತಾನೇ ನೋಯದು?

ಆ ಕಾಯಕ ಅವನ ಮೈಗೆ ಒಂದು ಭಯವನ್ನೂ ಕಲಿಸಿತ್ತು. ಅದು ಸಡಿಲದ ಭಯ. ಇಳಿಯುವ ಕೇಜು ಎಲ್ಲಾದರೂ ಸಿಕ್ಕಿಕೊಂಡು, ಮೇಲಿನ ಹಗ್ಗ ಒಂದು ಮಾರು ಸಡಿಲವಾದರೂ ಸಾಕು. ಬಿಟ್ಟುಕೊಂಡ ಕೇಜು ಮತ್ತೆ ಹಗ್ಗವನ್ನು ಜಗ್ಗುವ ಏಟಿಗೆ ಒಳಗಿನವರ ಗತಿ ಹೇಳುವಂತಿಲ್ಲ. ಆದ್ದರಿಂದ ಬಿಗಿಯೇ ರಕ್ಷೆ, ಸಡಿಲವೇ ಮೃತ್ಯು ಎಂಬುದು ಅವನಿಗೆ ಮಂತ್ರದಂತೆ ಸಿದ್ಧಿಸಿತ್ತು. ಗಣಿ ನಿಂತು, ಲೈನಿನ ಮೂಲೆಯಲ್ಲಿ ದಿನಸಿ ಅಂಗಡಿ ಇಟ್ಟ ಮೇಲೂ ಆ ಮಂತ್ರ ಬಿಡಲಿಲ್ಲ. ಮಂಚದ ನವಾರು, ಬಟ್ಟೆ ಒಣಗಿಸುವ ತಂತಿ, ಮೂಟೆ ಕಟ್ಟುವ ಹುರಿ, ಎಲ್ಲವೂ ಬೆರಳಿಗೆ ಟಣ್ಣೆನ್ನುವಷ್ಟು ಬಿಗಿ.

ಬಂಗಾರಪೇಟೆಯ ಮಂಡಿಯಿಂದ ಅಕ್ಕಿ ಬೇಳೆಯ ಮೂಟೆಗಳು ಬರುತ್ತಿದ್ದುದು ಬೈಕಿನ ಹಿಂಬದಿಯಲ್ಲೇ. ವರ್ಷಗಳ ಹೊರೆಗೆ ಆ ಭಾಗ ಕುಸಿಯುತ್ತ ಬಂತು. ಹಿಂದಿನ ಚಕ್ರದ ಎರಡು ಪಕ್ಕದಲ್ಲಿ ಸ್ಪ್ರಿಂಗು ಸುತ್ತಿಕೊಂಡು ನಿಂತ ಶಾಕ್ ಅಬ್ಸಾರ್ಬರುಗಳ ಬುಡದಲ್ಲಿ ಮೆಟ್ಟಿಲಿನಂಥ ಕಚ್ಚುಗಳಿರುತ್ತವೆ. ಒಂದೊಂದು ಕಚ್ಚು ಮೇಲೇರಿಸಿದಂತೆ ಸ್ಪ್ರಿಂಗು ಬಿಗಿಯುತ್ತದೆ. ಬೈಕು ಕುಸಿದಂತೆ ಕಂಡಾಗಲೆಲ್ಲ ಮುನಿಸ್ವಾಮಪ್ಪ ಒಂದು ಕಚ್ಚು ಏರಿಸಿದ. ಹಿಂದೆ ಕೂತ ಹೆಂಡತಿ ನರಳಿದಾಗಲೂ, ಸಡಿಲವಾಗಿದೆಯೆಂದೇ ಬಗೆದು ಮತ್ತೊಂದು ಏರಿಸಿದ. ಕಡೆಯ ಕಚ್ಚಿಗೆ ತಂದು ನಿಲ್ಲಿಸಿ, ಇನ್ನು ಕಲ್ಲಿನಂತಾಯಿತೆಂದು ತೃಪ್ತಿಪಟ್ಟಿದ್ದ. ಅದರಿಂದಲೂ ಪ್ರಯೋಜನವಾಗಲಿಲ್ಲವೆಂದರೆ ಹೊಸ ಜೋಡಿಯನ್ನೇ ಹಾಕಿಸಬೇಕು, ಅದರಲ್ಲೂ ಗಟ್ಟಿಯಾದದ್ದನ್ನೇ ಎಂದು ನಿಶ್ಚಯಿಸಿ, ಮಾರನೆಯ ಬೆಳಿಗ್ಗೆ ಉರಿಗಾಂ ದಾಟಿ ಬಂಗಾರಪೇಟೆಯ ದಾರಿ ಹಿಡಿದ.

ಅಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ಬೀದಿಯಲ್ಲಿ ವೆಂಕಟರತ್ನಮ್ಮನ ಬಿಡಿಭಾಗಗಳ ಅಂಗಡಿ. ಗಂಡ ತೀರಿಕೊಂಡ ಮೇಲೆ ಗಲ್ಲಾದ ಮೇಲೆ ತಾನೇ ಕುಳಿತು, ನಟ್ಟು ಬೋಲ್ಟುಗಳ ನಡುವೆ ಎಲೆಯಡಿಕೆ ತಟ್ಟೆಯನ್ನೂ ಇಟ್ಟುಕೊಂಡು ವ್ಯಾಪಾರ ನಡೆಸುವ ಗಟ್ಟಿ ಹೆಂಗಸು. ಪಕ್ಕದ ತಗಡಿನ ಚಪ್ಪರದಲ್ಲಿ ಮೆಕ್ಯಾನಿಕ್ ಸುಬ್ರಮಣಿ. ಆಕೆ ಮಾರಿದ್ದನ್ನು ಇವನು ಜೋಡಿಸುತ್ತಾನೆ. ಇವನು ಬಿಚ್ಚಿದ್ದಕ್ಕೆ ಬದಲಿಯನ್ನು ಆಕೆ ಕೊಡುತ್ತಾಳೆ. ದಿನವಿಡೀ ಇಬ್ಬರಿಗೂ ಜಗಳ.

"ಬಾ ಮುನಿಸ್ವಾಮಣ್ಣ. ಟ್ಯೂಬಾ, ಬ್ರೇಕ್ ಶೂವಾ?"

"ಇಂದಿನ ಚಕ್ರದ ಶಾಕಬ್ಸರ್ ಕೊಡಮ್ಮ. ಇರೋದ್ರಲ್ಲೆಲ್ಲ ಗಟ್ಟಿ ಇರೋದು."

ವೆಂಕಟರತ್ನಮ್ಮ ಮೂರು ಜೋಡಿ ತಂದು ಗಲ್ಲಾದ ಮೇಲೆ ಸಾಲಾಗಿ ಮಲಗಿಸಿದಳು. "ಇದು ಕಂಪ್ನೀದು, ನಿನ್ ಗಾಡಿ ಜೊತೆ ಉಟ್ಟಿ ಬಂದಿದ್ದು ಇಂಥದ್ದೇ. ಇದು ಆಲಿನೋರು ತಗೊಂಡೋಗೋದು. ಎರಡು ಕಡೆ ಕ್ಯಾನು ತೂಗಾಕಿದ್ರೂ ಬಗ್ಗಾಕಿಲ್ಲ. ಈ ಕೆಂಪು ಬಾಟ್ಲಿ ಇರೋದು ಗ್ಯಾಸಿಂದು. ಕಾಲೇಜ್ ಐಕ್ಳು ಆಕಿಸ್ಕಂಡು ಇಂದೆ ಎತ್ತರ ಮಾಡ್ಕಂಡು ಓಡಾಡ್ತವೆ. ನಿಂಗೆ ಅದು ಬ್ಯಾಡ, ಮೀಸೆ ಬೆಳ್ಳಗಾಗದೆ."

ಮುನಿಸ್ವಾಮಪ್ಪ ಹಾಲಿನವರ ಜೋಡಿಯನ್ನು ಕೈಗೆತ್ತಿಕೊಂಡ. ಹೆಬ್ಬೆರಳ ಗಾತ್ರದ ಸುರುಳಿ. ಎರಡು ಕೈಯಲ್ಲಿ ಅದುಮಿದರೂ ಕೂದಲೆಳೆಯಷ್ಟು ಅಲುಗಲಿಲ್ಲ. ಬಹುದಿನಗಳ ಮೇಲೆ ತನ್ನ ಮನಸ್ಸಿನಂಥದ್ದೇ ಒಂದು ವಸ್ತು ಸಿಕ್ಕಂತೆ ಅವನ ಮುಖ ಅರಳಿತು.

"ಇದ್ನೇ ಕೊಡು."

ಅಷ್ಟರಲ್ಲಿ ಸುಬ್ರಮಣಿ ಬೀದಿಯಲ್ಲಿ ನಿಂತ ಬೈಕಿನ ಬಳಿಗೆ ಹೋಗಿ ಹಿಂಬದಿಯನ್ನು ಮೈಭಾರ ಬಿಟ್ಟು ಅದುಮಿ ಕೈಬಿಟ್ಟ. ಬೈಕು ಎಗರಿ ಎದ್ದು, ಇಳಿದು, ಮತ್ತೆ ಎದ್ದು, ನಿಧಾನವಾಗಿ ನಿಂತಿತು.

"ಅಣ್ಣಾ, ಇದ್ರೊಳಗೆ ಎಣ್ಣೆ ಅನ್ನೋದು ಒಂಟೋಗಿ ಯಾವ ಕಾಲ ಆಯ್ತೋ. ಎಣ್ಣೆ ಇದ್ರೆ ಸ್ಪ್ರಿಂಗನ್ನ ಇಡ್ಕಂಡು ನಿದಾನಕ್ಕೆ ಬಿಡ್ತದೆ. ಈಗ ಕೇಳೋರಿಲ್ಲ, ಅದರ ಪಾಡಿಗೆ ಅದು ಕುಣೀತದೆ. ಅದ್ನೂ ಕಡೇ ಕಚ್ಚಿಗೆ ಏರಿಸಿದ್ಯಲ್ಲ, ಯಾಕೆ?"

"ಸಡ್ಲ ಆಗಬಾರದು ಅಂತ ಕಣ್ಲಾ."

"ಇಂದೆ ಏನು ಕೂರ್ತದೆ?"

"ಮೂಟೆ."

"ಬರೀ ಮೂಟೆಗಾದ್ರೆ ಯಾಕಣ್ಣ ಮಖ ಇಷ್ಟು ಸಣ್ಣಕ್ಕದೆ?" ಎಂದಳು ವೆಂಕಟರತ್ನಮ್ಮ, ಎಲೆಗೆ ಸುಣ್ಣ ಹಚ್ಚುತ್ತ.

ಮುನಿಸ್ವಾಮಪ್ಪ ಜೋಡಿಯನ್ನು ಕೆಳಗಿಟ್ಟು, "ನಮ್ಮನೇವ್ಳೂ ಕೂರ್ತಾಳೆ. ಕೂರ್ತಿದ್ಲು. ಈಗ ವರ್ಷ ಆಯ್ತು ಬರಲ್ಲ ಅಂತಾಳೆ. ಶ್ರಾವಣಕ್ಕೂ ಆಟೋನೇ ಅಂತೆ," ಎಂದ.

ಸುಬ್ರಮಣಿ ಕೈ ಒರೆಸಿಕೊಂಡು ಹತ್ತಿರ ಬಂದ. "ಅಕ್ಕನಿಗೆ ಏಟು ಯಾವಾಗ ಬೀಳ್ತದೆ? ಗಾಡಿ ಕೆಳಗೆ ಇಳಿಯೋವಾಗ್ಲಾ, ಮೇಲಕ್ಕೆ ಏಳೋವಾಗ್ಲಾ?"

"ಗೊತ್ತಿಲ್ಲ ಕಣ್ಲಾ."

"ಕೇಳಿಲ್ವಾ?"

"ಇಲ್ಲ."

ಸುಬ್ರಮಣಿ ನಟ್ಟು ಬಿಚ್ಚುವ ಪಾನೆ ಹುಡುಕಲು ಹೋದ. ಆದರೆ ಆ ಪ್ರಶ್ನೆ ಮಾತ್ರ ಕೊಳಕ್ಕೆ ಬಿದ್ದ ಕಲ್ಲಿನಂತೆ ಮುನಿಸ್ವಾಮಪ್ಪನ ಅಂತರಂಗವನ್ನು ಕಲಕಿತು. ಇಳಿಯುವಾಗಲೋ, ಏಳುವಾಗಲೋ? ಇದೇ ಪ್ರಶ್ನೆಯನ್ನು ಯೌವನದಲ್ಲಿ ಅವನಿಗೆ ಒಬ್ಬರು ಕೇಳಿದ್ದರು. ಕೆಲಸ ಕಲಿಸಿದ ಹಿರಿಯ ಡ್ರೈವರ್ ಏಳುಮಲೈ ತನ್ನ ಶಿಷ್ಯರಿಗೆ ಲಿವರನ್ನು ಮುಟ್ಟಗೊಡುವ ಮೊದಲು ಒಂದು ವ್ರತ ಮಾಡಿಸುತ್ತಿದ್ದ. "ಪೋ ತಂಬಿ, ನೀಯುಂ ಉಳ್ಳೆ ನಿಲ್ಲು" ಎಂದು, ಕೆಲಸಗಾರರ ನಡುವೆ ಕೇಜಿನೊಳಗೆ ನಿಲ್ಲಿಸಿ, ಒಮ್ಮೆ ಮೆತ್ತಗೆ, ಒಮ್ಮೆ ಬೇಕೆಂದೇ ಒರಟಾಗಿ ಇಳಿಸುತ್ತಿದ್ದ. ಅಷ್ಟು ಉದ್ದದ ಹಗ್ಗ ಆಳದಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಕೇಜು ನಿಂತ ಮೇಲೂ ಜನ ಕತ್ತಲಲ್ಲಿ ಮೇಲಕ್ಕೂ ಕೆಳಕ್ಕೂ ತೂಗಾಡುತ್ತಾರೆ. ಮೇಲಿನ ಕೋಣೆಯಲ್ಲಿ ಕುಳಿತವನ ಮುಂದೆ ಕೇಜಿನ ಆಳ ತೋರಿಸುವ ಮುಳ್ಳು ಮಾತ್ರ ನಿಶ್ಚಲವಾಗಿ, ಎಲ್ಲವೂ ಸರಿಯಾಗಿದೆಯೆಂದು ತೋರಿಸುತ್ತಿರುತ್ತದೆ. ಮೇಲೆ ಬಂದ ಶಿಷ್ಯನನ್ನು ಏಳುಮಲೈ ಕೇಳುತ್ತಿದ್ದುದು ಇದೊಂದನ್ನೇ: ಇಳಿಯುವಾಗ ನೋಯಿತೋ, ಏಳುವಾಗಲೋ?

ಕೇಜಿನ ಒಳಗೆ ನಿಂತು ಕಲಿತಿದ್ದವನು ಬೈಕಿನ ಹಿಂದೆ ಒಂದು ದಿನವೂ ಕುಳಿತಿರಲಿಲ್ಲ. ಕೊಂಡ ದಿನದಿಂದ ಹ್ಯಾಂಡಲ್ ಅವನದೇ.

"ಸುಬ್ರಮಣಿ, ಪಾನೆ ಇಡು. ಗಾಡಿ ನೀನು ಓಡ್ಸು. ನಾನು ಇಂದೆ ಕೂರ್ತೀನಿ."

"ಯಾಕಣ್ಣ?"

"ಓಡ್ಸಲಾ ಅಂದ್ರೆ."

ಸುಬ್ರಮಣಿ ಬೈಕು ಹತ್ತಿದ. ಮುನಿಸ್ವಾಮಪ್ಪ ಪಂಚೆ ಮೇಲಕ್ಕೆತ್ತಿ ಕಾಲು ಹಾಕಹೋದವನು ತಡೆದ. ರಾಧಾಮಣಿ ಹೀಗೆ ಕೂರುವುದಿಲ್ಲವಲ್ಲ. ಪಂಚೆ ಇಳಿಬಿಟ್ಟು, ಎರಡು ಕಾಲನ್ನೂ ಒಂದೇ ಪಕ್ಕಕ್ಕೆ ಹಾಕಿ, ಪಕ್ಕದ ಕಂಬಿ ಹಿಡಿದು, ಸೀರೆಯುಟ್ಟವರಂತೆ ಕುಳಿತ. ಬೀದಿಯ ಎದುರಿನ ಚಹಾ ಅಂಗಡಿಯಲ್ಲಿ ನಗು ಎದ್ದಿತು.

"ಮದ್ವೆ ಎಣ್ಣು ಒಂಟ್ಲು, ದಾರಿ ಬಿಡ್ರಪ್ಪ," ಎಂದಳು ವೆಂಕಟರತ್ನಮ್ಮ. "ಮುನಿಸ್ವಾಮಣ್ಣ, ಸೆರಗು ಚಕ್ರಕ್ಕೆ ಸಿಕ್ಕಾತು, ಉಷಾರು."

"ನಿನ್ ಸ್ಪೀಡಲ್ಲಿ ಓಗ್ಲಾ, ನನ್ ಸ್ಪೀಡಲ್ಲಾ?" ಎಂದು ಸುಬ್ರಮಣಿ ಕೇಳಿದ.

"ನನ್ ಸ್ಪೀಡಲ್ಲೇ ಓಗು. ದಿನಾ ನೋಡಿದ್ದೀಯಲ್ಲ."

ಬೀದಿಯ ತುದಿಯ ಮೊದಲನೆಯ ಉಬ್ಬಿನಲ್ಲೇ ಮುನಿಸ್ವಾಮಪ್ಪನಿಗೆ ಪಾಠ ಆರಂಭವಾಯಿತು. ಚಕ್ರ ಉಬ್ಬನ್ನು ಹತ್ತಿ ಇಳಿದದ್ದು ಅಷ್ಟೇನೂ ತಾಗಲಿಲ್ಲ. ಆದರೆ ಇಳಿದ ಮರುಗಳಿಗೆ ಸೀಟು ಅವನನ್ನು ಮೇಲಕ್ಕೆ ಎಸೆಯಿತು. ಎಸೆದದ್ದು ಮಾತ್ರವಲ್ಲ, ಅವನು ಮರಳಿ ಬೀಳುವ ಹೊತ್ತಿಗೆ ತಾನೇ ಎದುರುಗೊಂಡು ಬಂದು ಇನ್ನೊಮ್ಮೆ ಗುದ್ದಿತು. ಒಂದೇ ಪಕ್ಕಕ್ಕೆ ತಿರುಗಿಸಿದ್ದ ಸೊಂಟದಲ್ಲಿ ಆ ಗುದ್ದು ಹಿಂಡಿದಂತೆ ಸುತ್ತಿಕೊಂಡು ಬೆನ್ನು ಹತ್ತಿತು. ಕಂಬಿ ಹಿಡಿದ ಕೈಗೆ ಬಲವಿಲ್ಲ, ತೂಗುವ ಕಾಲಿಗೆ ನೆಲೆಯಿಲ್ಲ. ಮುಂದೇನು ಬರುವುದೆಂದು ಕಾಣಲು ಕಣ್ಣಿಗೆ ಸುಬ್ರಮಣಿಯ ಬೆನ್ನು ಅಡ್ಡ. ಹ್ಯಾಂಡಲ್ ಹಿಡಿದವನು ಗುಂಡಿಯನ್ನು ಮೊದಲೇ ಕಂಡು ಮೈ ಹಗುರ ಮಾಡಿಕೊಳ್ಳುತ್ತಾನೆ. ಹಿಂದೆ ಕೂತವರಿಗೆ ಗುಂಡಿ ಗೊತ್ತಾಗುವುದು ಬೆನ್ನುಮೂಳೆಯಲ್ಲಿ. ರೈಲ್ವೆ ಗೇಟಿನ ಹಳಿಗಳ ಮೇಲೆ ಹಾದಾಗ ಮುನಿಸ್ವಾಮಪ್ಪನ ಬಾಯಿಂದ "ಅಮ್ಮಾ" ಎಂಬ ದನಿ ತಾನಾಗಿ ಹೊರಟಿತು. ಆ ದನಿಯನ್ನು ಅವನು ಬಲ್ಲ. ಅದನ್ನು ಬೆನ್ನ ಹಿಂದೆ ಹಲವು ಸಲ ಕೇಳಿದ್ದ.

ಅಂಗಡಿಗೆ ಮರಳಿ ಅವನು ಕಟ್ಟೆಯ ಮೇಲೆ ಕುಳಿತು ಸೊಂಟ ಒತ್ತಿಕೊಂಡ.

"ಏಳೋವಾಗ," ಎಂದ.

"ಅದು ನಿಂಗೆ," ಎಂದ ಸುಬ್ರಮಣಿ. "ಅಕ್ಕ ನಿನ್ನರ್ಧನೂ ತೂಗಲ್ಲ. ಅಗುರ ಇರೋರ್ನ ಸ್ಪ್ರಿಂಗ್ ಇನ್ನೂ ಎತ್ತಿ ಒಗೀತದೆ. ನಿನ್ ಮೈಗೆ ಸರಿ ಓದ್ರೆ ಅವರಿಗೆ ಸರಿ ಓಗ್ತದೆ ಅಂತ ಏಳಾಕಾಗಲ್ಲ. ಅಕ್ಕನ್ನೇ ಕರ್ಕಂಡ್ ಬಾ."

"ಬರಲ್ಲ ಅಂತಾಳಲ್ಲ."

"ಗಾಡೀಲಿ ಬರಲ್ಲ ಅಂದವರೆ. ರೈಲಿಲ್ವಾ?" ಎಂದಳು ವೆಂಕಟರತ್ನಮ್ಮ, ಹಾಲಿನವರ ಜೋಡಿಯನ್ನು ಗಲ್ಲಾದ ಮೇಲಿಂದ ಎತ್ತಿಡುತ್ತ.

ಬೈಕನ್ನು ಚಪ್ಪರದಲ್ಲೇ ಬಿಟ್ಟು ಮುನಿಸ್ವಾಮಪ್ಪ ರೈಲು ಹಿಡಿದು ಮನೆಗೆ ಬಂದ. ಬೈಕಿನ ಸದ್ದಿಲ್ಲದೆ ಗಂಡ ನಡೆದು ಬಂದದ್ದನ್ನು ಕಂಡು ರಾಧಾಮಣಿ ಒಲೆಯ ಮುಂದಿನಿಂದ ಎದ್ದು ಬಂದಳು.

"ಗಾಡಿ ಎಲ್ಲಿ? ಬಿದ್ರಾ?"

"ಬಿದ್ದಿಲ್ಲ. ಇವತ್ತು ಇಂದೆ ಕೂತಿದ್ದೆ."

"ಯಾರಿಂದೆ?"

"ಸುಬ್ರಮಣಿ ಇಂದೆ. ಕಾಲು ಒಂದೇ ಕಡೆಗಾಕಿ."

ರಾಧಾಮಣಿ ಒಂದು ಕ್ಷಣ ಅವನ ಮುಖ ನೋಡಿದಳು. ಮೊದಲು ತುಟಿಯ ಅಂಚಿನಲ್ಲಿ ಹುಟ್ಟಿದ ನಗು ತಡೆಯಲಾರದೆ ಮೈಯೆಲ್ಲ ಹಬ್ಬಿ, ಕೊನೆಗೆ ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕಾಯಿತು. ನಗು ತಗ್ಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಲ್ಲಿಗಂಟ?" ಎಂದಳು.

"ರೈಲ್ವೆ ಗೇಟಿಗಂಟ."

"ಅಷ್ಟೇನಾ. ನಾನು ಗುಟ್ಟಳ್ಳಿಗಂಟ ಕೂತಿದ್ದೀನಿ."

ಅವನು ಪಾಠ ಒಪ್ಪಿಸುವವನಂತೆ ಕೇಳಿದ: "ನಿಂಗೆ ಏಟು ಯಾವಾಗ ಬೀಳ್ತದೆ ರಾಧಾ? ಇಳಿಯೋವಾಗ್ಲಾ, ಏಳೋವಾಗ್ಲಾ?"

ಅವಳು ಗಂಭೀರಳಾದಳು. ಇಂಥ ಪ್ರಶ್ನೆ ತನ್ನ ಕಡೆಗೆ ಬಂದೀತೆಂದು ಅವಳು ನಿರೀಕ್ಷಿಸಿರಲಿಲ್ಲ. ಹೊಸ್ತಿಲ ಬಳಿ ಕುಳಿತು, ಅಂಗೈಯನ್ನು ಸೀಟಿನಂತೆ ಚಾಚಿ ತೋರಿಸುತ್ತ ನಿಧಾನವಾಗಿ ಹೇಳಿದಳು. "ಇಳಿಯೋವಾಗ ಏನಿಲ್ಲ. ಆಮ್ಯಾಲೆ ಎತ್ತಿ ಒಗೀತದಲ್ಲ, ಅವಾಗ ಸೀಟು ಎಲ್ಲೋ, ನಾನೆಲ್ಲೋ. ನಾನು ಬೀಳೋ ಒತ್ಗೆ ಅದು ಮ್ಯಾಕೆ ಬತ್ತಿರ್ತದೆ. ಅಲ್ಲಿ ಒಡೀತದೆ."

"ಇದ್ನ ನಂಗ್ಯಾಕೆ ಏಳ್ಲಿಲ್ಲ?"

"ಏಳ್ದೆ. ನೀವು ಕಚ್ಚು ಏರಿಸಿದ್ರಿ. ಜಾಸ್ತಿ ಆಯ್ತು. ಇನ್ನೊಂದ್ಸಲ ಏಳ್ದೆ, ಇನ್ನೊಂದು ಏರಿಸಿದ್ರಿ. ಏಳ್ದಂಗೆಲ್ಲ ಏಟು ಜಾಸ್ತಿ ಆದ್ರೆ ಯಾರು ಏಳ್ತಾರೆ? ಬಾಯಿ ಮುಚ್ಕಂಡು ಕೂತೆ. ಅದೂ ಆಗದೆ ಇಳ್ಕಂಡೆ."

ಅವಳ ದನಿಯಲ್ಲಿ ದೂರಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ ಸಮಾಧಾನವಿತ್ತು. ಅದೇ ಅವನನ್ನು ಹೆಚ್ಚು ತಾಗಿತು. ಅವಳ ಒಂದೊಂದು ನರಳಿಕೆಗೂ ಒಂದೊಂದು ಕಚ್ಚು ಏರಿಸಿ, ಉಪಚಾರ ಮಾಡಿದೆನೆಂದೇ ಇಷ್ಟು ದಿನ ನಂಬಿದ್ದನಲ್ಲ.

"ನಾಳೆ ರೈಲಲ್ಲಿ ಬಂಗಾರಪೇಟೆಗೆ ಬರ್ತೀಯಾ? ನೀನು ಕೂತು ನೋಡದೆ ಆರಿಸಾಕಾಗಲ್ಲ ಅಂತಾನೆ ಸುಬ್ರಮಣಿ."

"ಬತ್ತೀನಿ. ಆದ್ರೆ ವಾಪಸ್ಸೂ ರೈಲಲ್ಲೇ ಬತ್ತೀನಿ ಅಂದ್ರೆ ಬೇಜಾರು ಮಾಡ್ಕಬಾರದು."

"ಮಾಡ್ಕಳಲ್ಲ," ಎಂದ.

ಮರುದಿನ ಬೆಳಿಗ್ಗೆ ವೆಂಕಟರತ್ನಮ್ಮನ ಅಂಗಡಿಯ ಮುಂದೆ ಚಿಕ್ಕದೊಂದು ಸಭೆಯೇ ನೆರೆಯಿತು. ಕೂತು ನೋಡಬೇಕಾದರೆ ಹೊಸದನ್ನು ಜೋಡಿಸಲೇಬೇಕು. ಜೋಡಿಸಿದರೆ ಕೊಳ್ಳದೆ ಉಳಿದ ಜೋಡಿಗೆ ಗ್ರೀಸು ತಗುಲುತ್ತದೆ.

"ಮೈಲಿಗೆ ಆದ್ಮೇಲೆ ಡಬ್ಬಿಗೆ ಎಂಗೆ ಆಕ್ಲಿ? ಯಾರು ತಗಂತಾರೆ?" ಎಂದು ವೆಂಕಟರತ್ನಮ್ಮ ತಗಾದೆ ತೆಗೆದಳು. ಆದರೆ ರಾಧಾಮಣಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಎಲೆಯಡಿಕೆ ಕೊಟ್ಟು, ಸೊಂಟನೋವಿಗೆ ತಾನು ಮಾಡಿಕೊಂಡ ಶಾಖದ ಕಥೆ ಹೇಳುವಷ್ಟರಲ್ಲಿ ಆಕೆಯ ಪಕ್ಷ ಬದಲಾಗಿತ್ತು. "ಲೇ ಸುಬ್ರಮಣಿ, ಬೋಲ್ಟು ಕೂರೋ ಕಿವಿಗೆ ಬಟ್ಟೆ ಸುತ್ತಿ ಮೆತ್ತಗೆ ಆಕ್ಲಾ. ಗೀರು ಬಿತ್ತೋ, ನಿಂಗೇ ಕಟ್ತೀನಿ."

ಮೊದಲು ಹಾಕಿದ್ದು ಹಾಲಿನವರ ಜೋಡಿ. ಹಾಗೆ ಮಾಡಲು ಹೇಳಿದವನು ಮುನಿಸ್ವಾಮಪ್ಪನೇ. ಅಷ್ಟೆಲ್ಲ ಆದ ಮೇಲೂ ಆ ದಪ್ಪ ಸುರುಳಿಯ ಮೇಲಿನ ಮೋಹ ಅವನನ್ನು ಪೂರ್ತಿ ಬಿಟ್ಟಿರಲಿಲ್ಲ. ಎಣ್ಣೆ ಹೊಸದಾದರೆ ಬಿಗಿಯಿದ್ದರೂ ನಡೆದೀತೆಂಬ ಆಸೆ ಒಂದು ಮೂಲೆಯಲ್ಲಿತ್ತು. ಅವನು ಹ್ಯಾಂಡಲ್ ಹಿಡಿದು ಕುಳಿತ. ಸುಬ್ರಮಣಿ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು, "ಅಕ್ಕ, ಈಗ ಕೂರಿ," ಎಂದ.

ರಾಧಾಮಣಿ ಕುಳಿತಳು.

"ಕೂತ್ರಾ?"

"ಕೂತೆ."

"ನೀವು ಕೂತಿದ್ದು ಗಾಡಿಗೇ ಗೊತ್ತಾಗ್ಲಿಲ್ಲ ಅಕ್ಕ. ಒಂದು ನೂಲೂ ಇಳೀಲಿಲ್ಲ," ಎಂದು ಸುಬ್ರಮಣಿ ಎದ್ದ. "ಕೂತವರ ಭಾರ ಅದಕ್ಕೆ ತಿಳೀಬೇಕು. ತಿಳಿದ್ರೇನೆ ಅದು ಇಳಿದು ಏಳೋದು. ಇದು ಕಲ್ಲುಬಂಡೆ."

ಆ ಮಾತಿಗೆ ವೆಂಕಟರತ್ನಮ್ಮ ನಕ್ಕಳು, ಮುನಿಸ್ವಾಮಪ್ಪ ನಗಲಿಲ್ಲ. ಅವನೇ ಇಳಿದು, "ಬಿಚ್ಚು," ಎಂದ.

ಎರಡನೆಯದು ಕಂಪನಿಯ ಜೋಡಿ. ನೋಟಕ್ಕೆ ಬಡವಾಗಿತ್ತು. ರಾಧಾಮಣಿ ಕುಳಿತೊಡನೆ ಹಿಂಬದಿ ಎರಡು ಬೆರಳಷ್ಟು ತಗ್ಗಿ, ಅವಳನ್ನು ಒಪ್ಪಿಕೊಂಡಂತೆ ನಿಂತಿತು. ಸುಬ್ರಮಣಿ ಹಿಂದಿನಿಂದ ಅದುಮಿ ಬಿಟ್ಟ. ಸೀಟು ಎದ್ದಿತು, ಆದರೆ ಎಗರಲಿಲ್ಲ. ಯಾರೋ ಒಳಗಿನಿಂದ ಕೈಹಿಡಿದು ತಡೆದಂತೆ ನಿಧಾನವಾಗಿ ಎದ್ದು ಅಲ್ಲೇ ನಿಂತಿತು.

"ಇದು ಒಗೆಯಲ್ಲ," ಎಂದಳು ರಾಧಾಮಣಿ, ತನಗೆ ತಾನೇ ಹೇಳಿಕೊಳ್ಳುವಂತೆ.

"ಮೊದ್ಲೇ ಏಳ್ತೀನಿ ಮುನಿಸ್ವಾಮಣ್ಣ," ಎಂದಳು ವೆಂಕಟರತ್ನಮ್ಮ. "ಇದ್ರ ಮೇಲೆ ಎರಡೆರಡು ಮೂಟೆ ಏರಿದ್ರೆ ಬೇಗ ಸತ್ತೋಗ್ತದೆ. ಒಂದೇ ಮೂಟೆ. ಆಮೇಲೆ ಬಂದು ನನ್ನ ಬೈಬ್ಯಾಡ."

"ಮೂಟೆ ದಿನ ಮೂರನೇ ಕಚ್ಚು, ಅಕ್ಕ ಬರೋ ದಿನ ಮೊದಲ್ನೇದು," ಎಂದ ಸುಬ್ರಮಣಿ.

"ಮೂಟೆಗೊಂದು ಕಚ್ಚು, ನಂಗೊಂದು ಕಚ್ಚಾ?" ಎಂದಳು ರಾಧಾಮಣಿ.

"ಇಷ್ಟು ದಿನ ಇಬ್ಬರಿಗೂ ಒಂದೇ ಇತ್ತಲ್ಲವ್ವ, ಅದಕ್ಕೇ ಇಂಗಾಯ್ತು," ಎಂದಳು ವೆಂಕಟರತ್ನಮ್ಮ.

ಮುನಿಸ್ವಾಮಪ್ಪ ಯೋಚಿಸುತ್ತ ನಿಂತ. ಒಂದೇ ಮೂಟೆಯೆಂದರೆ ಮಂಡಿಗೆ ಬರುವುದು ಇಮ್ಮಡಿಯಾದೀತು, ಇಲ್ಲವೇ ಲಗೇಜು ಆಟೋದವನನ್ನು ಹಿಡಿಯಬೇಕಾದೀತು. ಎರಡರಲ್ಲೂ ಅಂಗಡಿಯ ಅಲ್ಪ ಲಾಭಕ್ಕೆ ಏಟು. ದಪ್ಪ ಸುರುಳಿಯ ಜೋಡಿ ಗಲ್ಲಾದ ಮೇಲೆ ಮಲಗಿತ್ತು. ಅದನ್ನು ಹಾಕಿಸಿದರೆ ಮೂಟೆಗಳ ಚಿಂತೆ ಬಹುಕಾಲ ಇರದು. ಭಾರ ಹೊರುವುದೇ ವಾಹನದ ಧರ್ಮ, ನಿಜ. ಆದರೆ ಯಾವ ಭಾರವನ್ನು ಎಂಬುದನ್ನು ವಾಹನ ನಿರ್ಣಯಿಸದು, ಒಡೆಯನೇ ನಿರ್ಣಯಿಸಬೇಕು. ಅವನು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಪಾನೆ ಕೊಡು," ಎಂದ.

ಚಕ್ರದ ಬಳಿ ತಾನೇ ಕುಳಿತು, ಕಂಪನಿಯಿಂದಲೇ ಮೂರನೆಯ ಕಚ್ಚಿನಲ್ಲಿ ಬಂದಿದ್ದ ಸ್ಪ್ರಿಂಗನ್ನು ಎರಡನೆಯದಕ್ಕೆ ಇಳಿಸಿದ. ಮೊದಲನೆಯದಕ್ಕೆ ಇಳಿಸುವ ಮುನ್ನ ಕೈ ಒಂದಿಷ್ಟು ನಿಂತಿತು. ಆಯುಷ್ಯವೆಲ್ಲ ಬಿಗಿದೇ ಬದುಕಿದ ಕೈ. ಸಡಿಲಿಸುವುದಕ್ಕೆ ಅದು ಸುಲಭವಾಗಿ ಒಪ್ಪದು. ತಲೆಯೆತ್ತಿ ನೋಡಿದ. ರಾಧಾಮಣಿ ಸೀಟಿನ ಮೇಲೆ ಕುಳಿತಲ್ಲಿಂದಲೇ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಪಾನೆ ತಿರುಗಿಸಿದ. ಎರಡೂ ಪಕ್ಕ ಮೊದಲನೆಯ ಕಚ್ಚಿಗೆ ಬಂದು ಕೂತವು.

ಹೊರಡುವ ಹೊತ್ತಿಗೆ ರಾಧಾಮಣಿ ಸ್ಟೇಷನ್ನಿನ ಕಡೆಗೊಮ್ಮೆ, ಬೈಕಿನ ಕಡೆಗೊಮ್ಮೆ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಹಿಂದೆ ಕುಳಿತಳು.

ಮೊದಲ ಉಬ್ಬು ದಾಟಿದೊಡನೆ ಅವನು ಕೇಳಿದ: "ಎಂಗದೆ?"

"ಪರವಾಗಿಲ್ಲ."

ರೈಲ್ವೆ ಗೇಟು ದಾಟಿದ ಮೇಲೆ: "ಈಗ?"

"ಚೆನ್ನಾಗದೆ."

ಮತ್ತೊಂದು ಸಣ್ಣ ಗುಂಡಿ ಬಂದಿತು. "ಇದು?"

"ಏನೂಂದ್ರೆ, ನೀವು ಮುಂದೆ ನೋಡ್ಕಂಡು ಓಡಿಸ್ತೀರೋ, ಇಲ್ಲ ನನ್ನ ವಿಚಾರಣೆ ಮಾಡ್ತೀರೋ? ನೋವಾದ್ರೆ ನಾನೇ ಏಳ್ತೀನಿ."

ಅವನು ವೇಗ ತಗ್ಗಿಸಿ, ಗುಂಡಿಗಳನ್ನು ಬಳಸಿಕೊಂಡು ಸಾಗಿದ. ಆಕಾಶದಲ್ಲಿ ಆಷಾಢದ ಗಾಳಿ ಮೋಡಗಳನ್ನು ಅಟ್ಟುತ್ತಿತ್ತು; ದೂರದಲ್ಲಿ ಗಣಿಯ ಮಣ್ಣಿನ ದಿಬ್ಬಗಳು ಬಿಳಿಚಿಕೊಂಡು ನಿಂತಿದ್ದವು. ಊರು ಹತ್ತಿರವಾಗುತ್ತಿದ್ದಂತೆ ಪೈಪಿಗಾಗಿ ಅಗೆದು ಮುಚ್ಚದೆ ಬಿಟ್ಟ ರಸ್ತೆಯ ತುಂಡೊಂದು ಬಂದಿತು; ಉದ್ದಕ್ಕೂ ಜಲ್ಲಿ, ನಡುನಡುವೆ ಕೊರಕಲು. ಅವನು ಎಷ್ಟು ಮೆಲ್ಲಗೆ ಇಳಿಸಿದರೂ ಬೈಕು ಓಲಾಡಿತು. ಆಗ ಅವನ ಹೆಗಲ ಮೇಲೆ ಎರಡು ಬೆರಳು ತಟ್ಟಿದವು.

"ನಿಲ್ಸಿ. ಇಲ್ಲಿ ನೋಯ್ತದೆ."

ಅವನು ನಿಲ್ಲಿಸಿದ. ಆರಿಸಿದ್ದು, ಸಡಿಲಿಸಿದ್ದು, ಒಂದೇ ಮೂಟೆಗೆ ಒಪ್ಪಿದ್ದು ಎಲ್ಲವೂ ವ್ಯರ್ಥವಾಯಿತೆಂದು ತಲೆ ತಗ್ಗಿಸಿದ. "ಇದೂ ಆಗ್ಲಿಲ್ವಾ ರಾಧಾ?"

ಅವಳು ಇಳಿದು ಸೀರೆಯ ನೆರಿಗೆ ಸರಿಪಡಿಸಿಕೊಂಡಳು. "ಗಾಡೀದೇನೂ ತಪ್ಪಿಲ್ಲ. ದಾರಿ ಇಂಗಿದ್ರೆ ಅದು ತಾನೇ ಏನ್ ಮಾಡ್ತದೆ? ಈ ತುಂಡು ನಡ್ಕಂಡು ಬತ್ತೀನಿ. ನೀವು ಆ ಕಡೆ ಓಗಿ ನಿಂತಿರಿ."

"ನಾನೂ ತಳ್ಕಂಡು ಬತ್ತೀನಿ."

"ನಿಮ್ ಸೊಂಟ ಗಟ್ಟಿ ಅದೆ, ಓಗಿ."

ಅವನು ಜಲ್ಲಿಯ ಮೇಲೆ ಒಬ್ಬನೇ ಸಾಗಿ, ಡಾಂಬರು ಮತ್ತೆ ಆರಂಭವಾಗುವಲ್ಲಿ ನಿಂತ. ಇಂಜಿನ್ ಆರಿಸಿದ. ಕನ್ನಡಿಯಲ್ಲಿ ಅವಳು ಬರುತ್ತಿದ್ದುದು ಕಾಣಿಸಿತು; ಕೊರಕಲುಗಳನ್ನು ನೋಡಿ ನೋಡಿ ಹೆಜ್ಜೆಯಿಡುತ್ತ, ಅವಸರವಿಲ್ಲದೆ, ಸೊಂಟದ ಮೇಲೆ ಕೈಯಿಡದೆ. ಇಷ್ಟು ವರ್ಷಗಳಲ್ಲಿ ಅವಳು ನೋಯುತ್ತದೆ ಎಂದು ಬಾಯಿಬಿಟ್ಟು ಹೇಳಿ ಬೈಕು ನಿಲ್ಲಿಸಿದ್ದು ಇದೇ ಮೊದಲು ಎಂಬುದು ಅವನಿಗೆ ಆಗ ಹೊಳೆಯಿತು. ತಗ್ಗಿದ್ದ ಮನಸ್ಸು ಮೆಲ್ಲನೆ ಎದ್ದು ನೆಲೆಗೆ ನಿಂತಿತು.

ಅವಳು ಬಂದು ಹೆಗಲು ಹಿಡಿದು ಹತ್ತಿದಳು. ಹಿಂಬದಿ ಎರಡು ಬೆರಳಷ್ಟು ತಗ್ಗಿತು.

"ಮುನಿನಾರಾಯಣಮ್ಮಂಗೆ ಏಳ್ಬೇಕು," ಎಂದಳು. "ಶನಿವಾರ ಓಗೋವಾಗ ನಿಮ್ ಜೊತೆ ಬತ್ತೀನಿ. ಬರೋವಾಗ ಸೊಂಟ ಏನಂತದೋ ನೋಡ್ಕಂಡು ಏಳ್ತೀನಿ. ಆಟೋದಲ್ಲಿ ಬರೋವಾಗಿನ ಜಾಗ ಇಟ್ಟಿರ್ಲಿ."

"ಇಟ್ಟಿರ್ಲಿ," ಎಂದ ಮುನಿಸ್ವಾಮಪ್ಪ. ಅವಳು ಸರಿಯಾಗಿ ಕೂತಳೆಂದು ತಾನೇ ಊಹಿಸಿಕೊಳ್ಳದೆ ಕೇಳಿದ: "ಓಗಾನಾ?"

"ಇರಿ." ಸೆರಗನ್ನು ಮತ್ತೊಮ್ಮೆ ಎಳೆದು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. ಚಪ್ಪಲಿಗೆ ಸಿಕ್ಕಿದ್ದ ಜಲ್ಲಿಯೊಂದನ್ನು ಕೊಡವಿ ಬೀಳಿಸಿದಳು. ಅವನು ಕಾದ.

"ಊಂ. ಈಗ ಓಗಿ."